ಬಿಡುವು

ಗುಳೇದಗುಡ್ಡದ ನೇಕಾರರ ಸಂಘದಾಗ
ಕೂಲಿ ಪಟ್ಟಿ ಹುಡುಕಿ ಕೊಡೂದು ನನ್ನ ಕೆಲಸ.
ಸಾವಂತ್ರವ್ವ ಬರಗುಂಡಿ ಬಂದು ಕಿಡಕಿ ಮುಂದ ನಿಂತಾಳ.
ಮೂರು ವಾರದ ಕೂಲಿ, ಹನ್ನೊಂದು ಖಣ.

ಕರಿ ಪರದೆ ಮ್ಯಾಲ ಗ್ರೆಪ್ ಅಂತ ಹೊಡದು
ಆಕಿ ಹೆಸರು ಕೊಟ್ಟೆ.
ಸಿಗದಿದ್ರ ಅದು ಇಲ್ಲ ಅಂತನೂ ಅನ್ನೂದಿಲ್ಲ,
ಸುಮ್ಮನ ಮುಂದಿನ ಸಾಲಿಗೆ ಹೋಗಿ
ಕಣ್ಣು ಮಿಟಕಸ್ತೈತಿ.

"ನಾ ಅದೀನೋ ಇಲ್ಲೋ?" ಅಂದ್ಲು.

ಹೆಸರಿಗೂ ಅಡ್ಡಹೆಸರಿಗೂ ನಡುವ
ನಾ ಬಿಟ್ಟದ್ದು ಒಂದು ಬಿಡುವು.
ಪಟ್ಟಿ ಬರದವರು ಒಬ್ಬರಲ್ಲ.
ಹಳೇ ಗುಮಾಸ್ತ ಎರಡು ಬಿಡತಿದ್ದ,
ಟೈಪಿನ ಮಷೀನಿನ ರೂಢಿ ಬೆರಳಿನಾಗ ಉಳದಿತ್ತು.
ಅವನ ಅಳಿಯ ಟ್ಯಾಬ್ ಒತ್ತತಿದ್ದ,
ಅಂಕಿ ಒಂದರ ಕೆಳಗೊಂದು ನೆಟ್ಟಗ ನಿಲ್ಲಲಿ ಅಂತ.
ನಮ್ಮ ಕಣ್ಣಿಗೆ ಎಲ್ಲಾ ಒಂದ ಬಯಲು,
ಯಂತ್ರಕ್ಕ ಒಂದೊಂದೂ ಬ್ಯಾರೆ ಅಕ್ಷರ.

ಹಿಂದಕ್ಕ ವಾಲಿದ ಒಂದು ಗೀಟು, ಅದಕ್ಕ ಹತ್ತಿ ಒಂದು ಎಸ್,
ಅದರ ಬೆನ್ನಿಗೆ ಕೂಡಸೂ ಗುರ್ತು:
ಒಂದಿರಲಿ ಹತ್ತಿರಲಿ, ಯಾವ ಕುಲದ್ದರ ಇರಲಿ,
ಖಾಲಿ ಅಂದ್ರ ಸಾಕು, ಬಾ.
ಎರಡು ಸಾಲು ಬಿದ್ದುವು. ಎರಡು ವಾರ.
ಮೂರನೇದು ಬರವಲ್ದು.

ಒಳಗ ಅಂಬಣ್ಣ ರಾಜನಾಳ ಖಣ ತಪಾಸ ಮಾಡತಿದ್ದ,
ಕಣ್ಣು ಮುಚ್ಚಿ,
ಅರಿವಿ ಮ್ಯಾಲ ಉಗುರು ಎಳಕೋತ.
"ತಪ್ಪಿದ ಎಳಿ ಹುಡಕಬ್ಯಾಡೋ ತಮ್ಮಾ,
ಆಜೂಬಾಜೂದವು ಸಡಲಿರ್ತಾವು,
ಅವನ್ನ ಹಿಡಿ."
ನನಗಂದನೋ ಅರಿವಿಗಂದನೋ.

ಎಸ್ ಅಳಿಸಿ ಚುಕ್ಕಿ ಇಟ್ಟೆ.
ಈ ಕಡೆ ಸಾವಂತ್ರವ್ವ, ಆ ಕಡೆ ಬರಗುಂಡಿ,
ನಡುವ ಏನರ ಇರಲಿ.
ಬಂತು.
ನಡುವ ಕುಂತಿತ್ತು ಮುರಿಯದ ಬಿಡುವು:
ಯಾವುದೋ ಪತ್ರದಿಂದ ಎತ್ತಿ ಅಂಟಿಸಿದಾಗ ಬೆನ್ನು ಹತ್ತಿ ಬಂದದ್ದು,
ಸಾಲು ತೀರಿದ್ರೂ
ಎರಡು ಮಾತನ್ನ ಅಗಲಗೊಡದ್ದು.
ಖಾಲಿ ಇದ್ದೂ, ಖಾಲಿ ಅಂದ್ರ ಓಗೊಡದ್ದು.

ರೊಕ್ಕ ಎಣಿಸಿ ಕೊಟ್ಟು ರಶೀದಿ ಮುಂದಿಟ್ಟೆ.
ಸೆರಗಿನಿಂದ ಬೆರಳು ಒರಸಿ, ಪೆನ್ನು ಹಿಡದು,
ಒಂದೊಂದ ಅಕ್ಷರ ಒತ್ತಿ ಬರದಳು
ಸಾವಂತ್ರವ್ವಬರಗುಂಡಿ.
ನಡುವ ಕೂದಲೆಳಿ ಜಾಗ ಇಲ್ಲ.
ಲಾಳಿ ಹಿಡದ ಕೈ, ಸಂದು ಬಿಡೂದು ಕಲತಿಲ್ಲ.

ಆಕಿ ಮೆಟ್ಟಲ ಇಳಿಯೂತನಕ ಕಾದು
ಕೂಡಸೂ ಗುರ್ತು ಅಳಿಸಿದೆ.
ಆ ಜಾಗಕ್ಕ ನಕ್ಷತ್ರ ಇಟ್ಟೆ:
ಒಂದೂ ಇಲ್ಲದಿದ್ರೂ ನಡೀತೈತಿ.