ಮೂವತ್ತು ಮಾರು

ಜನವರಿಯಲ್ಲಿ ನಾರ್ವೆಯ ಎಫ್‌ಎಂ ನಿಲ್ಲಿಸತೊಡಗಿದರು,
ಮೊದಲ ಸರದಿ ನಮ್ಮ ಬಡಗಣ ಕರಾವಳಿಯದು.
ಬಾವಿಗೆ ಹಲಗೆ ಮುಚ್ಚಿದ ಹಾಗೆ.

ನನ್ನ ಅಂಚೆ ಕಾರಿಗೆ ಹತ್ತೊಂಬತ್ತು ವರ್ಷ.
ಅದರ ರೇಡಿಯೋಗೆ ಹೊಸ ಭಾಷೆ ಬಾರದು.
ಮುಳ್ಳು ಈ ತುದಿಯಿಂದ ಆ ತುದಿಗೆ ಹೋದರೂ
ಒಂದೇ ಮೊರೆತ, ಜರಡಿಯಲ್ಲಿ ಉಪ್ಪು ಅಲ್ಲಾಡಿಸಿದಂತೆ.

ಅಂಗಡಿಯ ಹುಡುಗ ಹೇಳಿದ: ಡಿಜಿಟಲ್‌ನಲ್ಲಿ ಕರಕರ ಇಲ್ಲ.
ನಿಜ. ಇದ್ದರೆ ಪೂರ್ತಿ ಇರುತ್ತದೆ;
ಸುರಂಗದ ಬಾಯಲ್ಲಿ ಎರಡು ಸಲ ಗುಳುಗುಳು,
ಆಮೇಲೆ ಇಲ್ಲವೇ ಇಲ್ಲ.
ಹಳೆಯದು, ದೂರವಾಗುತ್ತಿದ್ದೇನೆ ಎಂದು
ಹೇಳಿಯೇ ದೂರವಾಗುತ್ತಿತ್ತು.
ಗಂಟೆಯ ಪೀಪಿ ಈಗ ಎರಡು ಸೆಕೆಂಡು ತಡವಂತೆ.
ನನಗೇನು, ನನ್ನ ಕಾಗದಗಳು ಎರಡು ದಿನ ತಡ.

ಈ ದ್ವೀಪದಲ್ಲಿ ಒಂದೇ ಕಡೆ ಮುಳ್ಳಿಗೆ ಜೀವ ಬರುತ್ತದೆ:
ಓಡ್ಲೌಗ್‌ಳ ಹಳದಿ ಮನೆಗೂ
ಅವಳ ತಮ್ಮ ಐಲರ್ಟನ ಕೆಂಪು ದೋಣಿಶಾಲೆಗೂ ನಡುವೆ,
ಮೀನು ಒಣಹಾಕುವ ತಡಿಕೆಗಳ ಪಕ್ಕ,
ಮೂವತ್ತು ಮಾರು ದಾರಿ.

ಅಪ್ಪನ ವಾಲ್ವ್ ರೇಡಿಯೋ ಬಿಡಲೊಲ್ಲೆ ಎಂದಿದ್ದ ಅವನು.
ಅದಕ್ಕೇ ಅವಳು ತರಿಸಿದ್ದು, ನಾನೇ ತಂದುಕೊಟ್ಟದ್ದು,
ಬೆಂಕಿಪೊಟ್ಟಣದಷ್ಟು ಟ್ರಾನ್ಸ್‌ಮಿಟರ್.
ಅಡಿಗೆಮನೆಯ ಡಿಜಿಟಲ್ ಪೆಟ್ಟಿಗೆ ಅದರ ಕಿವಿಯಲ್ಲಿ ಉಸುರಿದ್ದನ್ನು
ಅದು ಎಂಬತ್ತೆಂಟು ಪಾಯಿಂಟ್ ಮೂರರಲ್ಲಿ
ದೋಣಿಶಾಲೆಗೆ ಮುಟ್ಟಿಸುತ್ತಿತ್ತು.
ಮಿಣುಕುಹುಳ ನಗುವಷ್ಟು ಶಕ್ತಿ,
ಕಾನೂನು ಅಷ್ಟಕ್ಕೇ ಒಪ್ಪುತ್ತದೆ.

ಬೇಸಿಗೆಯಲ್ಲಿ ಅವನು, ಒಂದು ಮಾತು ಕೇಳದೆ,
ಅಪ್ಪನ ದೋಣಿ ಮಾರಿದ.
ಮಾತು ಅಲ್ಲಿಗೇ ನಿಂತಿತು.
ಅವಳು ಪೆಟ್ಟಿಗೆಯ ತಂತಿ ಕಿತ್ತು
ಟೇಪ್ ರೆಕಾರ್ಡರಿನ ಹಳೆಯ ಮೈಕು ಚುಚ್ಚಿದಳು.

ಮಂಗಳವಾರ, ತಡಿಕೆಗಳ ಪಕ್ಕ, ನನ್ನ ಕಾರಿನೊಳಗೆ:
‘ಕಡಲಿನ ಹವಾಮಾನ. ಅಡಿಗೆಮನೆಯಿಂದ ದೋಣಿಶಾಲೆಯವರೆಗೆ
ವಾಯವ್ಯದ ಬಿರುಗಾಳಿ, ಇಳಿಯುವ ಲಕ್ಷಣವಿಲ್ಲ.
ಆಲೂಗಡ್ಡೆ ಬೆಂದಿದೆ.
ಮೀನಿನ ತುಂಡು ಮೆಟ್ಟಿಲ ಮೇಲಿದೆ,
ಬೆಕ್ಕಿಗಿಂತ ಮುಂಚೆ ಬರುವವರು ಬರಬಹುದು.’

ನಗಬೇಕೆಂದು ಬಾಯಿ ತೆರೆದೆ, ನಗಲಿಲ್ಲ.

ಸೆಪ್ಟೆಂಬರಿನಲ್ಲಿ ಒಮ್ಮೆ:
‘ಗಾಳಿ ಕೊಂಚ ತಗ್ಗಿದೆ.
ಅದಕ್ಕೆ ನೀಲಿ ಬಣ್ಣ ಬಳಿದ ದಿನ ನಿನಗೆ ನೆನಪಿರಲಿಕ್ಕಿಲ್ಲ,
ನೀನು ನನ್ನ ಸೊಂಟದ ಮೇಲಿದ್ದೆ,
ಬ್ರಷ್ಷು ಬೇಕೆಂದು ಅಳುತ್ತಿದ್ದೆ.’
ಆಮೇಲೆ ಮಾತಿಲ್ಲ. ಮೈಕು ತೆರೆದೇ ಇತ್ತು.
ನಲ್ಲಿಯ ನೀರು. ಕುರ್ಚಿ ಎಳೆದ ಸದ್ದು.
ಹಿಂದಿನಿಂದ ಲಾರಿಯವನು ಹಾರನ್ ಹೊಡೆದ, ಹೊರಟೆ.

ಅಕ್ಟೋಬರಿನಲ್ಲಿ ಐಲರ್ಟನ ಹೆಸರಿಗೆ ಒಂದು ಪೊಟ್ಟಣ.
ನನ್ನ ಅಂಗೈಗೆ ಆ ತೂಕದ ಗುರುತಿತ್ತು.
ಸಹಿ ಹಾಕಿದ ಕಡೆ ಡಾಂಬರಿನ ಬೆರಳಚ್ಚು,
ಅವನು ನನ್ನ ಮುಖ ನೋಡಲಿಲ್ಲ.

ಮರುದಿನ ಮುಳ್ಳು ತಿರುಗಿಸುತ್ತ ಹೋದೆ.
ತೊಂಬತ್ತೇಳು ಪಾಯಿಂಟ್ ನಾಲ್ಕರಲ್ಲಿ ಮೊರೆತ ಹರಿದು
ಕೀಸುಳಿಯ ಸದ್ದು, ಕಡಲಕ್ಕಿ,
ಯಾರೋ ಗಂಟಲು ಸರಿಪಡಿಸಿಕೊಂಡದ್ದು.
‘ಅಕ್ಕ’ ಎಂಬುದರ ಮೊದಲ ಅರ್ಧ.
ಮತ್ತೆ ಕೀಸುಳಿ.
ಮೂರು ದಿನ ಅಷ್ಟೇ.

ಸಂಖ್ಯೆ ಅವಳಿಗೆ ಹೇಳುವವರು ಯಾರು?
ಡಿಜಿಟಲ್ ಪೆಟ್ಟಿಗೆಯ ಬೆನ್ನಲ್ಲಿ
ಎಫ್‌ಎಂ ಎಂಬ ಗುಂಡಿಯೊಂದು ಇನ್ನೂ ಇದೆ,
ಅದನ್ನು ಒತ್ತಲು ಅವಳಿಗೆ ಕಾರಣವಿಲ್ಲ.
ಮೂವತ್ತು ಮಾರು ನಡೆದು ಬಂದು
ತಾನೇ ಹೇಳುವಂಥವನಾಗಿದ್ದರೆ
ಅವನಿಗೆ ಟ್ರಾನ್ಸ್‌ಮಿಟರ್ ಯಾಕೆ ಬೇಕಿತ್ತು?

ಅಂಚೆಯವಳು ಕಾಗದ ಮುಟ್ಟಿಸಬೇಕು,
ಒಳಗೇನಿದೆ ಎಂದು ತಿಳಿಯಬಾರದು.
ಇಪ್ಪತ್ತೆರಡು ವರ್ಷ ಹಾಗೆಯೇ ಇದ್ದೆ.
ಇವತ್ತು ಅವಳ ಕರೆಂಟು ಬಿಲ್ಲಿನ ಬೆನ್ನಿಗೆ
ಪೆನ್ಸಿಲಿನಲ್ಲಿ ಒಂದು ಸಂಖ್ಯೆ ಬರೆದೆ.
ಟಪಾಲು ಡಬ್ಬಿಯ ಮುಚ್ಚಳ ಸದ್ದಾಗದಂತೆ ಇಳಿಸಿ,
ಎಂಜಿನ್ ಆರಿಸದೆ,
ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು
ನಿಂತೆ.