ಹೋಲ್ಡಾನ್

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಸೀಟಿ ಊದಿದವನು ನಾನು,
ಒಂದು ದಿನವೂ ಬ್ರೇಕ್ ತುಳಿದವನಲ್ಲ.
ಎಸ್ಟೇಟ್ ಶೆಡ್ಡಿನಲ್ಲಿ ಒಂಬತ್ತು ಮಳೆಗಾಲ ನಿಂತೇ ಇದ್ದ
ಮಾರುತಿ ಸಾವಿರವನ್ನು, ನಿವೃತ್ತಿಯ ದುಡ್ಡು ಮುರಿದು,
ಸುಂಟಿಕೊಪ್ಪಕ್ಕೆ ಎಳೆಸಿ ತಂದಾಗ
ಪೂವಮ್ಮ ಹೇಳಿದ್ದು ಇಷ್ಟೇ:
"ಕೋಳಿ ಕೂರಲಿಕ್ಕೆ ಜಾಗ ಆಯಿತು."

ಎಂಜಿನ್ ಕೆಮ್ಮಿತು, ಎದ್ದಿತು, ಒಪ್ಪಿಕೊಂಡಿತು.
ಚಕ್ರ ಒಪ್ಪಲಿಲ್ಲ.
ಎರಡು ಮೈಲಿಯೊಳಗೆ ಎಡಮುಂದಿನಿಂದ ಸುಟ್ಟ ವಾಸನೆ.
ನೀರು ಚಿಮುಕಿಸಿದರೆ ದೋಸೆಕಲ್ಲಿನ ಹಾಗೆ ಚುಯ್ಯೆಂದಿತು.
ಕಾಲು ತೆಗೆದಿದ್ದೆ; ಬ್ರೇಕ್ ಬಿಟ್ಟಿರಲಿಲ್ಲ.

ಸ್ಪೇರ್ ಪಾರ್ಟ್ಸ್ ಅಂಗಡಿಯ ಪೋಕರ್
ಕನ್ನಡಕ ಹಣೆಗೇರಿಸಿದ:
"ಕ್ಯಾಲಿಪರ್ ಪಿಸ್ಟನ್ ಹಿಡಿದಿದೆ ಕಂಡಕ್ಟರೇ.
ಓಡಿ ಕೆಟ್ಟದ್ದಲ್ಲ, ನಿಂತು ಕೆಟ್ಟದ್ದು.
ಬ್ರೇಕ್ ಆಯಿಲ್ ಗಾಳಿಯಿಂದಲೇ ನೀರು ಕುಡಿಯುತ್ತದೆ,
ನಮ್ಮೂರ ಗಾಳಿಯಲ್ಲಿ ನೀರಿಗೇನು ಬರವೇ?
ಸುತ್ತಿಗೆ ಮುಟ್ಟಬೇಡಿ. ಇಕ್ಕಳವೂ ಬೇಡ.
ಹೋಸ್ ಬಿಚ್ಚದೆ ಪೆಡಲ್ ತುಳಿಸಿ.
ಹಿಡಿಸಿದ ಎಣ್ಣೆಯೇ ಬಿಡಿಸಬೇಕು."

ಜ್ಯಾಕಿನ ಪಕ್ಕ ಹಲಸಿನ ಕೊರಡು.
ಎರಡು ಬೋಲ್ಟ್ ಬಿಚ್ಚಿ ಕ್ಯಾಲಿಪರನ್ನು ತಂತಿಗೆ ತೂಗುಹಾಕಿದೆ,
ಹೋಸಿನ ಮೇಲೆ ಭಾರ ಬೀಳದ ಹಾಗೆ.
ಡ್ರೈವರ್ ಸೀಟಿನಲ್ಲಿ ಪೂವಮ್ಮ,
ಮಡಿಲಲ್ಲಿ ಮೊರದ ತುಂಬ ಬೀನ್ಸು.
"ತುಳಿ." "ತುಳಿದೆ."
"ಬಿಡು." "ಬಿಟ್ಟೆ. ಬಂತಾ?"
"ಇಲ್ಲ."
ಬೀನ್ಸು ಮುಗಿಯಿತು. ಪಿಸ್ಟನ್ ಕದಲಲಿಲ್ಲ.
ಸಂದಿಗೆ ತುಕ್ಕಿನೆಣ್ಣೆ ಬಿಟ್ಟು
ಕಾಫಿ ಕುಡಿದು ಬಂದೆವು.

ಹಳೇ ಚಾಳಿ, "ತುಳಿ" ಎನ್ನುವ ಬದಲು "ರೈಟ್" ಅಂದುಬಿಟ್ಟೆ.
ಏನು ಕೇಳಿಸಿತೋ ಅವಳಿಗೆ, ಎರಡೂ ಕಾಲಲ್ಲಿ ಒತ್ತಿದಳು.
ಟಿಕ್.
ಗೆದ್ದಲು ಮರ ಕಚ್ಚಿದಷ್ಟು ಸದ್ದು.
ಮತ್ತೆ ಟಿಕ್. ಅಕ್ಕಿಕಾಳು, ಬೆರಳಗಲ,
"ಹೋಲ್ಡಾನ್!" ಎನ್ನುವಷ್ಟರಲ್ಲಿ
ಪ್ಲಕ್ಕೆಂದು ಹಾರಿ ಬೋಗುಣಿಗೆ ಬಿತ್ತು.
ಹಿಂದೆಯೇ ಕರಿಚಹಾದ ಬಣ್ಣದ ಎಣ್ಣೆ,
ಅರ್ಧ ನನ್ನ ಅಂಗಿಗೆ.

ಅಂಗೈ ಮೇಲಿಟ್ಟು ನೋಡಿದೆ. ಪುಟ್ಟ ಉಕ್ಕಿನ ಲೋಟ.
ಹರಿದ ರಬ್ಬರಿನ ಅಡಿಯಲ್ಲಿ, ಬಾಯಂಚಿಗೆ,
ಕಿರುಬೆರಳ ಉಗುರಿನಷ್ಟು ತುಕ್ಕು.
ಅಷ್ಟೇ ಸಾಕಾಗಿತ್ತು, ಒಂದು ಕಾರನ್ನು ಹಿಡಿದಿಡಲಿಕ್ಕೆ.

ಅಷ್ಟೇ ಅಗಲದ್ದು ನನ್ನಲ್ಲೂ ಒಂದಿದೆ.
ಚೆಟ್ಟಳ್ಳಿಯ ತಿರುವು, ಕೊನೆಯ ಟ್ರಿಪ್, ಮೆಟ್ಟಿಲಿನವರೆಗೂ ಜನ.
ಕಂಕುಳಲ್ಲಿ ಮಗು, ಕೈಯೆತ್ತಿ ಓಡಿ ಬಂದಳೊಬ್ಬಳು.
ಕಂಡೆ. ಸೀಟಿ ತುಟಿಯಲ್ಲೇ ಇತ್ತು.
ಎರಡು ಸಲ ಊದಿದೆ.
ಒಂದು ಸಲ ಊದಿದ್ದರೆ ಬಸ್ಸು ನಿಲ್ಲುತ್ತಿತ್ತು.

ಪಿಸ್ಟನ್ನನ್ನು ಆ ರಾತ್ರಿ ಕಾಚಂಪುಳಿಯಲ್ಲಿ ಮುಳುಗಿಸಿಟ್ಟೆ.
"ಪಂದಿಕರಿಗೆಂದು ತೆಗೆದಿಟ್ಟದ್ದು!" ಎಂದು ಬೈದವಳು
ಬೆಳಿಗ್ಗೆ ತಾನೇ ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ತಿಕ್ಕಿ
"ಮುಖ ಕಾಣುತ್ತದೆ, ನೋಡಿ" ಎಂದು ತಂದುಕೊಟ್ಟಳು.
ಕಾಣುತ್ತಿತ್ತು. ಉಗುರು ಎಳೆದರೆ ಒಂದು ಗುಳಿಯೂ ತಗಲುತ್ತಿತ್ತು.
"ಸೀಲಿನಿಂದ ಹೊರಗಿದೆ, ನಡೆಯುತ್ತದೆ"
ಪೋಕರನ ತೀರ್ಪು. ಕಿಟ್ಟಿಗೆ ನೂರಾ ಎಂಬತ್ತು.

ಹೊಸ ಉಂಗುರ ಕೂರಿಸುವಾಗ ಗೊತ್ತಾಯಿತು,
ಪಿಸ್ಟನ್ನನ್ನು ಹಿಂದಕ್ಕೆಳೆಯಲು ಒಳಗೆ ಸ್ಪ್ರಿಂಗೇ ಇಲ್ಲ.
ತುಳಿದಾಗ ಈ ರಬ್ಬರ್ ತುಸು ತಿರುಚಿಕೊಳ್ಳುತ್ತದೆ,
ಬಿಟ್ಟಾಗ ತನ್ನ ಆಕಾರಕ್ಕೆ ಮರಳುತ್ತ
ಪಿಸ್ಟನ್ನನ್ನೂ ಕೂದಲೆಳೆಯಷ್ಟು ಕರೆತರುತ್ತದೆ.
ಆ ಕೂದಲೆಳೆ ಜಾಗದಲ್ಲಿ
ಇಡೀ ಚಕ್ರ ತಿರುಗುತ್ತದೆ.

ಪೈಪಿನ ಗಾಳಿ ತೆಗೆದು, ಹೊಸ ಆಯಿಲ್ ತುಂಬಿ
ಭಾನುವಾರ ಚೆಟ್ಟಳ್ಳಿ ಕಡೆಗೆ ಇಳಿದೆವು.
ತಿರುವಿನಲ್ಲಿ ತುಳಿದೆ. ನಿಂತಿತು.
ಲಂಟಾನ, ಮೈಲಿಗಲ್ಲು, ಮಲಗಿದ ನಾಯಿ.
"ಯಾರಿಗೆ?" ಎಂದಳು ಪೂವಮ್ಮ.
"ಬ್ರೇಕ್ ನೋಡಲಿಕ್ಕೆ."
ಇಳಿದು ಚಕ್ರಕ್ಕೆ ಕೈ ಇಟ್ಟೆ. ಬೆಚ್ಚಗಿತ್ತು, ಅಷ್ಟೇ,
ಇಟ್ಟ ಕೈ ತೆಗೆಯಬೇಕಿರಲಿಲ್ಲ.
ಹಿಂದಿನಿಂದ ಪಿಕಪ್ಪೊಂದು ಹಾರ್ನ್ ಮೇಲೆ ಹಾರ್ನ್.
ಪೂವಮ್ಮ ಕಿಟಕಿಯಿಂದ ಕೈ ಹೊರಗೆ ಚಾಚಿ
ಅವನನ್ನು ತಡೆದು ನಿಲ್ಲಿಸಿದಳು,
ನಾನು ಹತ್ತುವವರೆಗೆ.