ಚಕ್ಕುಬಂದಿ

ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕುಳಿತು
ಹತ್ತೊಂಬತ್ತು ವರ್ಷ ಊರವರ ಮನೆಗಳನ್ನು ಟೈಪು ಮಾಡಿದ್ದೇನೆ.
ಪೂರ್ವಕ್ಕೆ ಇಂಥವರ ಹಿತ್ತಿಲು, ಪಶ್ಚಿಮಕ್ಕೆ ತೋಡು,
ನಿಧಿ ನಿಕ್ಷೇಪ ಜಲ ಪಾಷಾಣ ಸಹಿತ
ಆಚಂದ್ರಾರ್ಕ ಸುಖದಿಂದ ಅನುಭವಿಸತಕ್ಕದ್ದು.
ಸಂಜೆ ಆರಕ್ಕೆ ಕಂಪ್ಯೂಟರಿಗೆ ಬಟ್ಟೆ ಹೊದೆಸಿ
ನಾನು ಹೋಗುವುದು ಹನ್ನೊಂದು ತಿಂಗಳ ಕರಾರಿನ ಮನೆಗೆ.

ಹನ್ನೊಂದು, ಮತ್ತೆ ಹನ್ನೊಂದು, ಮತ್ತೆ.
ಹನ್ನೆರಡನೆಯ ತಿಂಗಳನ್ನು ನಮಗೆ ಯಾರೂ ಬರೆದುಕೊಟ್ಟಿಲ್ಲ.
ಒಂದು ಮೊಳೆ ಹೊಡೆಯಲೂ ಕೇಳಬೇಕು;
ಕೇಳಲು ನಾಚಿಕೆಯಾಗಿ ಮದುವೆಯ ಫೋಟೋ
ಇವತ್ತಿಗೂ ಕಪಾಟಿನ ಮೇಲೆ ಗೋಡೆಗೆ ಒರಗಿ ನಿಂತಿದೆ.

ಈಗ ಕಣ್ಣೆದುರು ಎರಡು ಉಂಟು.

ಶಕ್ತಿನಗರದಲ್ಲಿ ಗುಡ್ಡ ಕಡಿದು ಎಬ್ಬಿಸಿದ ಏಳನೆಯ ಮಾಳಿಗೆ.
ಬಾಗಿಲುಗಳು ಇನ್ನೂ ಬಂದಿಲ್ಲ, ದಾರಂದಗಳು ಮಾತ್ರ.
"ರಾತ್ರಿ ಇಲ್ಲಿಂದ ಹಡಗು ಕಾಣ್ತದೆ ಮೇಡಂ," ಎಂದ ಲತೇಶ,
ಹಡಗೂ ಲೆಕ್ಕದೊಳಗೆ ಎಂಬಂತೆ.
ವಾಮನ ಗ್ರಿಲ್ಲಿನ ಕೆಲಸದವನು, ಗೋಡೆ ಕಂಡರೆ ತಟ್ಟಬೇಕು,
ಹಲಸಿನಕಾಯಿಗೆ ತಟ್ಟಿದ ಹಾಗೆ ತಟ್ಟಿ, ಕಿವಿಯಿಟ್ಟು
"ಇನ್ನೂ ಎಳತು" ಎಂದ.
ನಾನು ಮನಸ್ಸಿನಲ್ಲೇ ಚಕ್ಕುಬಂದಿ ಬರೆದೆ:
ಪೂರ್ವಕ್ಕೆ ಏಳುನೂರ ನಾಲ್ಕು, ಪಶ್ಚಿಮಕ್ಕೆ ಲಿಫ್ಟು,
ದಕ್ಷಿಣಕ್ಕೆ ಕಾರಿಡಾರು, ಉತ್ತರಕ್ಕೆ ಗಾಳಿ.
ನೆಲದಲ್ಲಿ ನೂರಕ್ಕೆ ಒಂದೂಮುಕ್ಕಾಲು ಪಾಲು, ಅವಿಭಾಜ್ಯ.
ಯಾವ ಒಂದೂಮುಕ್ಕಾಲು? ಅದರ ಮೇಲೆ ಯಾರ ಕಾರು ನಿಂತಿದೆ?

ಇನ್ನೊಂದು ಜೆಪ್ಪುವಿನಲ್ಲಿ, ಸೆವ್ರಿನ್ ಬಾಯಿಯದ್ದು.
ಮುರಕಲ್ಲು, ಹೆಂಚು, ಕಾಲಿಗೆ ತಣ್ಣಗಾಗುವ ಕೆಂಪು ನೆಲ.
ನೆಂಟರ ಪರಿಚಯ ಮಾಡಿಸಿದಂತೆ ಆಕೆ ತೋರಿಸಿದಳು:
"ಇಲ್ಲಿ ಸೋರ್ತದೆ, ಗಾಳಿ ತೆಂಕಿನಿಂದ ಬಂದರೆ ಮಾತ್ರ.
ಈ ಪಕಾಸಿಗೆ ಗೆದ್ದಲು. ಬಾವಿ ಏಪ್ರಿಲಿನಲ್ಲಿ ಸ್ವಲ್ಪ ಉಪ್ಪು.
ಗೋಡೆಗೆ ಮೊಳೆ ನಿಲ್ಲುವುದಿಲ್ಲ, ಮೊದಲೇ ಹೇಳ್ತೇನೆ."
ವಾಮನ ಸ್ಕ್ರೂಡ್ರೈವರಿನಿಂದ ಮರ ಚುಚ್ಚಿ ನೋಡಿದ.
"ಹಣ್ಣಾಗಿದೆ," ಎಂದ. "ಸ್ವಲ್ಪ ಹೆಚ್ಚೇ."
ಮೇಲೆ ಮೂಲಗೇಣಿ ಬೇರೆ. ಧಣಿ ತೀರಿಕೊಂಡು ಕಾಲವಾಯಿತು,
ಮಕ್ಕಳೆಲ್ಲಿ ತಿಳಿಯದು, ಗೇಣಿ ವರ್ಷಕ್ಕೆ ರೂಪಾಯಿ ಹನ್ನೊಂದು.
ನನಗೆ ನಗು ಬಂತು. ಇಲ್ಲಿಗೂ ಬಂದೆಯಾ, ಹನ್ನೊಂದೇ?

ಬ್ಯಾಂಕಿನವರಿಗೆ ಏಳನೆಯ ಮಾಳಿಗೆ ಎಂದರೆ ಚಹಾ ತರಿಸುವಷ್ಟು ಪ್ರೀತಿ.
ಜೆಪ್ಪು ಎಂದೆ. ಕನ್ನಡಕ ತೆಗೆದು ಒರೆಸಿದರು.
"ಮೂಲಗೇಣಿಯಾ? ನೋಡುವ," ಎಂದರು.
ಆ ನೋಡುವದ ಅರ್ಥ ನನಗೆ ಗೊತ್ತು,
ಎಷ್ಟೋ ಜನರಿಗೆ ನಾನೇ ಬಿಡಿಸಿ ಹೇಳಿದ್ದೇನೆ.

ಧನ್ವಿತಾ ಏನೂ ಹೇಳಿರಲಿಲ್ಲ.
ಏಳನೆಯ ಮಾಳಿಗೆಯಲ್ಲಿ ಪ್ಲಗ್ಗುಗಳನ್ನು ಎಣಿಸಿದ್ದಳು, ಇಪ್ಪತ್ತೆರಡು.
ಜೆಪ್ಪುವಿನಲ್ಲಿ ಬಾವಿಯ ಬದಿಯ ಸಣ್ಣ ಕೋಣೆಗೆ ಹೋದವಳು
ಒಳಗಿನಿಂದ ಚಿಲಕ ಹಾಕಿಕೊಂಡಳು.
ಹದಿನಾರು ವರ್ಷ ಅಡುಗೆಮನೆಗೂ ನಮಗೂ ನಡುವೆ
ಪರದೆಯ ಹಿಂದೆ ಬಟ್ಟೆ ಬದಲಿಸಿದ ಹುಡುಗಿ.
ಹತ್ತು ನಿಮಿಷವಾಯಿತು.
ವಾಮನ ತಟ್ಟಲು ಕೈಯೆತ್ತಿದ. ಎತ್ತಿದ ಕೈ ಹಾಗೇ ಇಳಿಸಿದ.
ಸೆವ್ರಿನ್ ಬಾಯಿ ಬಾವಿಗೆ ಕೊಡಪಾನ ಬಿಟ್ಟಳು, ರಾಟೆ ಕಿರ್ರೆಂದಿತು.
ಹೊರಗೆ ಬಂದು "ಚಿಲಕ ಬಿಗಿ ಉಂಟು" ಎಂದಳು ಮಗಳು,
ಅಷ್ಟೇ, ಚಪ್ಪಲಿ ಹಾಕಿಕೊಂಡಳು.

ಸೊಸೈಟಿ ಸಾಲ, ನನ್ನ ಎರಡು ಬಳೆ, ವಾಮನನ ವೆಲ್ಡಿಂಗ್ ಮೆಷಿನಿನ ಮೇಲೆ ಇನ್ನಷ್ಟು.
ಲತೇಶ ಈಗಲೂ ಫೋನು ಮಾಡುತ್ತಾನೆ.
ಆ ಹಡಗನ್ನು ಒಂದು ರಾತ್ರಿಯಾದರೂ ನೋಡಬಹುದಿತ್ತು.

ನಿನ್ನೆ ಎಲ್ಲರೂ ಹೋದ ಮೇಲೆ ಪತ್ರ ಟೈಪು ಮಾಡಿದೆ.
ಬರೆಸಿಕೊಂಡವರು: ಜಲಜಾಕ್ಷಿ, ಕೋಂ ವಾಮನ.
ಊರ ಹೆಸರೆಲ್ಲ ಬಲ್ಲ ಬೆರಳು ನನ್ನ ಹೆಸರಿಗೆ ಎರಡು ಸಲ ತಪ್ಪಿತು.
ಹೆಂಚಿನ ಮನೆ ಒಂದು, ಬಾವಿ ಒಂದು,
ಒಳಚಿಲಕವುಳ್ಳ ಬಾಗಿಲು ಒಂದು.
ಅಂಥದ್ದು ಬರೆಯುವ ಕ್ರಮವಿಲ್ಲ. ಅಳಿಸಿದೆ.
ಮತ್ತೆ ಬರೆದೆ.

ಫೋಟೋಕ್ಕೇನು ಮಾಡುವುದು, ಕೇಳಿದ ವಾಮನ,
ಮೊಳೆ ನಿಲ್ಲುವುದಿಲ್ಲವಂತಲ್ಲ.
ಇರಲಿ ಮಾರಾಯ್ರೆ, ಅಂದೆ,
ಅದಕ್ಕೆ ಒರಗಿ ಅಭ್ಯಾಸ ಉಂಟು.